ಕಬ್ಬಿನ ಹೊರೆಯೂ ಟ್ರ್ಯಾಕ್ಟರಿನ ಗೇರ್‌ಬಾಕ್ಸೂ

ದೀಪಾವಳಿ ಕಳೆದು ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಕೃಷ್ಣಾ, ಘಟಪ್ರಭಾ ನದಿಗಳ ಬಯಲಿನ ರಸ್ತೆಗಳಲ್ಲೆಲ್ಲ ಒಂದೇ ದೃಶ್ಯ. 45-50 ಅಶ್ವಶಕ್ತಿಯ ಒಂದು ಟ್ರ್ಯಾಕ್ಟರು. ಅದರ ಹಿಂದೆ ಒಂದಲ್ಲ, ಎರಡು ಟ್ರೇಲರುಗಳು. ಅವುಗಳ ಮೇಲೆ ಎರಡಾಳೆತ್ತರಕ್ಕೂ ಮೀರಿ ಪೇರಿಸಿ ಹಗ್ಗದಿಂದ ಬಿಗಿದ ಕಬ್ಬು. ಏರು ಬಂದಾಗ ಎಂಜಿನ್ನು ಏದುಸಿರು ಬಿಡುತ್ತದೆ, ಹೊಗೆ ಕಪ್ಪಗಾಗುತ್ತದೆ, ಮುಂದಿನ ಗಾಲಿಗಳು ನೆಲ ಬಿಡಲು ಹವಣಿಸುತ್ತವೆ. ಅವು ಮೇಲೇಳದಿರಲೆಂದು ಬಂಪರಿನ ಮೇಲೆ ಭಾರ ಕಟ್ಟುವ ಪದ್ಧತಿಯೂ ಉಂಟು. ಅದೂ ಸಾಲದಾದಾಗ ಇನ್ನೊಂದು ಟ್ರ್ಯಾಕ್ಟರನ್ನು ಮುಂದೆ ಕಟ್ಟಿ ಏರು ಹತ್ತಿಸುತ್ತಾರೆ. "ಇಷ್ಟು ಹೇರುವುದು ಸರಿಯೇ?" ಎಂದು ಕೇಳಿದರೆ ಬರುವ ಉತ್ತರವೂ ಒಂದೇ: "ಎಳೀತದಲ್ರೀ ಸರ, ಮತ್ತೇನಾಗ್ತದ?"

ಈ ಒಂದು ವಾಕ್ಯವನ್ನು ಖಂಡಿಸುವುದೇ ಈ ಲೇಖನದ ಉದ್ದೇಶ. ನೋಡಲು ಮುಗ್ಧವಾಗಿ ಕಾಣುವ ಈ ಮಾತು ನಮ್ಮ ಭಾಗದ ಸಾವಿರಾರು ಕುಟುಂಬಗಳನ್ನು ಸಾಲದಲ್ಲಿ ಮುಳುಗಿಸುತ್ತಿದೆ. ಮೂರು ದಶಕ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಬೋಧಿಸಿದವನು ನಾನು. ಈಗ ಟ್ರ್ಯಾಕ್ಟರು ಓಡಿಸುವವರಲ್ಲಿ ಅನೇಕರು ನನ್ನ ತರಗತಿಯ ಬೆಂಚುಗಳಲ್ಲಿ ಕುಳಿತವರು. ಆದಕಾರಣ ಅವರಿಗೆ ಪರಿಚಿತವಾದ ರೀತಿಯಲ್ಲಿಯೇ, ಲೆಕ್ಕ ಹಾಕಿ ಹೇಳಲು ಬಯಸುತ್ತೇನೆ.

ಮೊದಲನೆಯದಾಗಿ, ಎಳೆಯುವುದು ಬೇರೆ, ತಾಳುವುದು ಬೇರೆ. ಎಳೆದದ್ದು ಇಂದಿನ ಸಂಗತಿ. ತಾಳಿತೋ ಇಲ್ಲವೋ ಎಂಬುದು ಎಷ್ಟೋ ಸಾವಿರ ಸಲ ಎಳೆದ ಮೇಲೆ ತಿಳಿಯುವ ಸಂಗತಿ. ಈ ಭೇದವನ್ನು ಜಗತ್ತು ದುಬಾರಿ ಬೆಲೆ ತೆತ್ತು ಕಲಿತಿದೆ. 1842ರ ಮೇ ತಿಂಗಳಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಆಕ್ಸಲ್ ಮುರಿದು ಹಲವಾರು ಜನ ಬೆಂಕಿಗೆ ಆಹುತಿಯಾದರು. ಹಿಂದಿನ ದಿನದವರೆಗೆ ಅದೇ ಹೊರೆಯನ್ನು ಹೊತ್ತ ಆಕ್ಸಲ್ ಅದು. ಮುಂದೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಆಕ್ಸಲ್‌ಗಳನ್ನು ಲಕ್ಷಗಟ್ಟಲೆ ಸಲ ತಿರುಗಿಸಿ ಪರೀಕ್ಷಿಸಿ ಒಂದು ಸತ್ಯವನ್ನು ಸ್ಥಾಪಿಸಿದ. ಒಂದೇ ಸಲದ ಹೊರೆಗೆ ಜಗ್ಗದ ಲೋಹವು ಅದಕ್ಕಿಂತ ಬಹಳ ಕಡಿಮೆ ಹೊರೆ ಮತ್ತೆ ಮತ್ತೆ ಬಿದ್ದಾಗ ಮುರಿಯುತ್ತದೆ. ಲೋಹಕ್ಕೂ ದಣಿವು ಉಂಟು. ಆ ದಣಿವು ವಿಶ್ರಾಂತಿಯಿಂದ ಪರಿಹಾರವಾಗುವುದಿಲ್ಲ. ಹೀಗಿರುವಾಗ "ನಿನ್ನೆ ಎಳೆಯಿತು, ಇಂದೂ ಎಳೆಯುತ್ತದೆ" ಎಂಬುದು ಪುರಾವೆಯೇ ಅಲ್ಲ.

ಎರಡನೆಯದಾಗಿ, ಟ್ರ್ಯಾಕ್ಟರು ಮೂಲತಃ ಹೊಲಕ್ಕಾಗಿ ಹುಟ್ಟಿದ ಯಂತ್ರ. ಹೊಲದಲ್ಲಿ ನೇಗಿಲು ಅತಿ ಆಳಕ್ಕೆ ಇಳಿದು ಎಳೆತ ಮಿತಿಮೀರಿದರೆ ಏನಾಗುತ್ತದೆ? ಹಿಂದಿನ ಗಾಲಿ ಮಣ್ಣಿನಲ್ಲಿ ಜಾರಿ ಸುಮ್ಮನೆ ತಿರುಗುತ್ತದೆ. ಆ ಜಾರುವಿಕೆಯೇ ಗೇರ್‌ಬಾಕ್ಸಿನ ರಕ್ಷಣೆ. ಮನೆಯ ವಿದ್ಯುತ್ತಿಗೆ ಫ್ಯೂಸು ಇರುವಂತೆ ಟ್ರ್ಯಾಕ್ಟರಿಗೆ ಮಣ್ಣೇ ಫ್ಯೂಸು. ಡಾಂಬರು ರಸ್ತೆಯಲ್ಲಿ ಆ ಫ್ಯೂಸು ಇಲ್ಲ. ಗಾಲಿಗೆ ಗಟ್ಟಿ ಹಿಡಿತ ಸಿಗುತ್ತದೆ; ಎರಡು ಗಾಲಿಯ ಟ್ರೇಲರಾದರೆ ಅದರ ತೂಕದ ಒಂದು ಪಾಲು ಕೊಂಡಿಯ ಮೇಲೆ ಬಿದ್ದು ಹಿಂದಿನ ಗಾಲಿಯನ್ನು ಇನ್ನಷ್ಟು ಒತ್ತಿ ಹಿಡಿಯುತ್ತದೆ. ಗಾಲಿ ಜಾರದೆ ಹೋದಾಗ ಜಾರಬೇಕಾದದ್ದು ಒಳಗಿನ ಕ್ಲಚ್ ಪ್ಲೇಟು.

ಈಗ ಕ್ಲಚ್ಚಿನ ಲೆಕ್ಕವನ್ನು ನೋಡೋಣ. ನಿಂತ ಗಾಡಿ ಹೊರಡುವಾಗ ಎಂಜಿನ್ನು ತಿರುಗುತ್ತಿರುತ್ತದೆ, ಗೇರ್‌ಬಾಕ್ಸಿನ ಶಾಫ್ಟು ನಿಂತಿರುತ್ತದೆ. ಎರಡರ ವೇಗ ಸಮವಾಗುವವರೆಗೂ ಕ್ಲಚ್ ಪ್ಲೇಟು ಉಜ್ಜುತ್ತಲೇ ಇರಬೇಕು. ಉಜ್ಜಿದಷ್ಟು ಹೊತ್ತು ಶಾಖ, ಶಾಖದಷ್ಟು ಸವೆತ. ಕ್ಲಚ್ಚು ದಾಟಿಸಬಲ್ಲ ತಿರುಚುಬಲವನ್ನು 10 ಪಾಲು ಎಂದಿಟ್ಟುಕೊಳ್ಳಿ. ಟ್ರ್ಯಾಕ್ಟರು, ಟ್ರೇಲರು, ಕಬ್ಬು ಎಲ್ಲ ಸೇರಿ ಒಟ್ಟು ತೂಕ ಮಿತಿಯೊಳಗೆ ಇದ್ದಾಗ ಸಮತಟ್ಟಾದ ರಸ್ತೆಯ ಪ್ರತಿರೋಧಕ್ಕೆ 2 ಪಾಲು ಹೋಗುತ್ತದೆ ಎನ್ನೋಣ. ಮಿಕ್ಕ 8 ಪಾಲು ಗಾಡಿಗೆ ವೇಗ ಕೊಡಲು ಉಳಿಯುತ್ತದೆ. ಒಟ್ಟು ತೂಕವನ್ನು ಎರಡರಷ್ಟು ಮಾಡಿ. ಪ್ರತಿರೋಧ 4 ಪಾಲಾಯಿತು, ಉಳಿದದ್ದು 6. ವೇಗಕ್ಕೆ ತರಬೇಕಾದ ದ್ರವ್ಯರಾಶಿಯಾದರೋ ಎರಡರಷ್ಟು. ಆದುದರಿಂದ ಪ್ಲೇಟು ಉಜ್ಜುವ ಕಾಲ ಎರಡು ಪಟ್ಟಲ್ಲ, ಸುಮಾರು ಎರಡೂಮುಕ್ಕಾಲು ಪಟ್ಟು ಹೆಚ್ಚುತ್ತದೆ.

ಇದೇ ಲೆಕ್ಕವನ್ನು ಏರಿನಲ್ಲಿ ಮಾಡಿ ನೋಡಿ. ಮಿತಿಯೊಳಗಿನ ತೂಕಕ್ಕೆ ಏರು 4 ಪಾಲು ಕೇಳುತ್ತದೆ, 6 ಉಳಿಯುತ್ತದೆ. ತೂಕ ಎರಡರಷ್ಟಾದರೆ ಏರು 8 ಪಾಲು ನುಂಗುತ್ತದೆ, ಉಳಿಯುವುದು ಕೇವಲ 2. ಎರಡರಷ್ಟು ದ್ರವ್ಯರಾಶಿಯನ್ನು ಮೂರನೆಯ ಒಂದರಷ್ಟು ಬಲದಿಂದ ವೇಗಕ್ಕೆ ತರಬೇಕು. ಉಜ್ಜುವ ಕಾಲ ಆರು ಪಟ್ಟು, ಶಾಖವೂ ಆರು ಪಟ್ಟು! ಹೊರೆ ಎರಡು ಪಟ್ಟು, ಪೆಟ್ಟು ಆರು ಪಟ್ಟು. ಎಂಟನೆಯ ತರಗತಿಯ ಹುಡುಗನೂ ಮಾಡಬಹುದಾದ ಭಾಗಾಕಾರವಿದು. ಚಾಲಕರು ಅನುಭವದಿಂದ ಬಲ್ಲ ಕರಕಲು ವಾಸನೆಯ ಅರ್ಥ ಇಷ್ಟೇ. ಆ ವಾಸನೆ ಬಂದಾಗಲೆಲ್ಲ ಪ್ಲೇಟಿನ ಲೈನಿಂಗು ಸುಟ್ಟು ಹೋಗುತ್ತಿದೆ, ಫ್ಲೈವೀಲಿನ ಮುಖ ಕಾದು ನೀಲಿಗಟ್ಟಿ ಸೀಳು ಬಿಡುತ್ತಿದೆ.

ಕ್ಲಚ್ಚನ್ನು ದಾಟಿ ಒಳಗೆ ಹೋಗೋಣ. ಗೇರ್‌ಬಾಕ್ಸಿನ ಶಾಫ್ಟುಗಳು ಬೇರಿಂಗುಗಳ ಮೇಲೆ ಕುಳಿತಿವೆ. ಗುಂಡು ಬೇರಿಂಗಿನ ಆಯುಷ್ಯಕ್ಕೆ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಸೂತ್ರವನ್ನು ಎಂಜಿನಿಯರುಗಳು ಇಂದಿಗೂ ಆಧಾರವಾಗಿ ಬಳಸುತ್ತಾರೆ. ಅದರ ಪ್ರಕಾರ ಆಯುಷ್ಯವು ಹೊರೆಯ ಘನಕ್ಕೆ ವಿಲೋಮವಾಗಿರುತ್ತದೆ. ಬೇರಿಂಗಿನ ಮೇಲಿನ ಹೊರೆ ಒಂದೂವರೆ ಪಟ್ಟಾದರೆ ಆಯುಷ್ಯ ಮೂರನೆಯ ಒಂದಕ್ಕಿಂತ ಕಡಿಮೆ. ಎರಡು ಪಟ್ಟಾದರೆ ಎಂಟನೆಯ ಒಂದು. ಗೇರ್ ಹಲ್ಲುಗಳ ಗತಿಯೂ ಭಿನ್ನವಲ್ಲ. ಹಲ್ಲು ಹಲ್ಲನ್ನು ಒತ್ತುವಾಗ ನಡುವೆ ಎಣ್ಣೆಯ ತೆಳುವಾದ ಪೊರೆ ಇರಬೇಕು. ಭಾರ ಹೆಚ್ಚಿ, ಎಣ್ಣೆ ಕಾದು ನೀರಾದಾಗ ಆ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಮೊದಲು ಹಲ್ಲಿನ ಮುಖದಲ್ಲಿ ಸಾಸಿವೆಯಷ್ಟು ಗುಳಿಗಳು ಬೀಳುತ್ತವೆ. ಅಲ್ಲಿಂದ ಕಿತ್ತ ಲೋಹದ ಪುಡಿ ಎಣ್ಣೆಯಲ್ಲಿ ಕಲೆತು ಎಲ್ಲ ಬೇರಿಂಗುಗಳನ್ನೂ ಅರೆಯುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ. ಅಲ್ಲಿ ಆ ಪುಡಿ ಹೈಡ್ರಾಲಿಕ್ ಪಂಪನ್ನೂ ತಲುಪುತ್ತದೆ. ಕ್ರೌನ್ ವೀಲು, ಪಿನಿಯನ್ನುಗಳು ಊಳಿಡಲು ತೊಡಗಿದಾಗ ಮಾಲೀಕ ಮೇಸ್ತ್ರಿಯ ಬಳಿಗೆ ಧಾವಿಸುತ್ತಾನೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ.

ಇಲ್ಲಿ ಜಾಣರಾದ ಚಾಲಕರು ಒಂದು ಆಕ್ಷೇಪವನ್ನು ಎತ್ತುತ್ತಾರೆ. "ಎಂಜಿನ್ನು ತನ್ನಲ್ಲಿ ಇದ್ದಷ್ಟು ಬಲವನ್ನೇ ತಾನೆ ಕೊಡುವುದು? ಆ ಬಲಕ್ಕೆ ತಕ್ಕ ಹಾಗೆಯೇ ಕಂಪನಿಯವರು ಗೇರ್‌ಬಾಕ್ಸು ಮಾಡಿರುತ್ತಾರೆ. ಮತ್ತೆ ಹೇಗೆ ಕೆಡುತ್ತದೆ?" ಒಳ್ಳೆಯ ಪ್ರಶ್ನೆ, ನನ್ನ ತರಗತಿಯಲ್ಲಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಉತ್ತರ ಎರಡು. ಒಂದು, ಯಂತ್ರವನ್ನು ರೂಪಿಸುವವರು ಯಾವ ಗೇರಿನಲ್ಲಿ ಎಷ್ಟು ಹೊತ್ತು, ಎಷ್ಟು ಬಲ ಎಂಬ ಒಂದು ಹಂಚಿಕೆಯನ್ನು ಊಹಿಸಿಕೊಂಡು ಆಯುಷ್ಯದ ಲೆಕ್ಕ ಹಾಕುತ್ತಾರೆ. ಕೆಳಗಿನ ಗೇರಿನಲ್ಲಿ ಪೂರ್ಣ ಬಲದಿಂದ ಎಳೆಯುವ ಕಾಲ ಒಟ್ಟು ಕಾಲದ ಸಣ್ಣ ಪಾಲು ಎಂಬುದು ಅವರ ಊಹೆ. ಹಂಗಾಮಿನುದ್ದಕ್ಕೂ ಗಂಟೆಗಟ್ಟಲೆ ಹಾಗೆಯೇ ಎಳೆದರೆ ವರ್ಷಗಳ ಆಯುಷ್ಯ ತಿಂಗಳುಗಳಲ್ಲಿ ಮುಗಿಯುತ್ತದೆ. ಎರಡು, ಏರಿನಲ್ಲಿ ನಿಂತ ಗಾಡಿಯನ್ನು ಕದಲಿಸಲು ಚಾಲಕ ಆಕ್ಸಿಲರೇಟರು ಒತ್ತಿ ಕ್ಲಚ್ಚನ್ನು ಥಟ್ಟನೆ ಬಿಡುತ್ತಾನಲ್ಲ, ಆ ಕ್ಷಣದಲ್ಲಿ ಗೇರಿಗೆ ಬೀಳುವುದು ಎಂಜಿನ್ನಿನ ಬಲ ಮಾತ್ರವಲ್ಲ. ತಿರುಗುತ್ತಿರುವ ಭಾರವಾದ ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿಯೂ ಸುತ್ತಿಗೆಯ ಏಟಿನಂತೆ ಬೀಳುತ್ತದೆ. ಆ ಏಟು ಎಂಜಿನ್ನಿನ ಗರಿಷ್ಠ ಬಲವನ್ನೂ ಮೀರಿದ್ದು.

ಟ್ರ್ಯಾಕ್ಟರಿಗೆ ಹೇಳಿದ್ದು ಪಿಕಪ್ ವಾಹನಗಳಿಗೂ ಅನ್ವಯಿಸುತ್ತದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ 16 ಅಶ್ವಶಕ್ತಿಯ ಎಂಜಿನ್ನಿನ, ಮುಕ್ಕಾಲು ಟನ್ ಹೊರುವ ಪುಟ್ಟ ಗಾಡಿಯಾಗಿತ್ತು. ಜನ ಅದನ್ನು ಪ್ರೀತಿಯಿಂದ "ಛೋಟಾ ಹಾಥಿ" ಎಂದರು. ಆನೆಯೆಂದು ಕರೆದ ಮೇಲೆ ಆನೆಯ ಹೊರೆಯನ್ನೇ ಹೊರಿಸಿದರು! ಹೆಸರು ಬದಲಾದ ಮಾತ್ರಕ್ಕೆ ಗೇರ್ ಹಲ್ಲಿನ ಉಕ್ಕು ಬದಲಾದೀತೇ?

ಇಷ್ಟಾದ ಮೇಲೆ ತಪ್ಪು ಯಾರದು ಎಂಬ ವಿಚಾರ. ನಮ್ಮೂರ ಕಟ್ಟೆಗಳಲ್ಲಿ ಎರಡು ತೀರ್ಪುಗಳು ಸಿದ್ಧವಾಗಿರುತ್ತವೆ. "ಈಗಿನ ಕಂಪನಿಗಳ ಮಾಲೇ ಸರಿಯಿಲ್ಲ" ಎಂಬುದು ಒಂದು. "ಡ್ರೈವರ್ ಹುಡುಗನಿಗೆ ಓಡಿಸಲು ಬರುವುದಿಲ್ಲ, ಅರ್ಧ ಕ್ಲಚ್ಚಿನಲ್ಲೇ ಕಾಲಿಟ್ಟುಕೊಂಡು ಹೋಗುತ್ತಾನೆ" ಎಂಬುದು ಇನ್ನೊಂದು. ಅರ್ಧ ಕ್ಲಚ್ಚು ಕೆಟ್ಟ ಅಭ್ಯಾಸ, ನಿಜ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದಂತೂ ಪ್ರಾಣಕ್ಕೇ ಅಪಾಯ. ಆದರೆ ಎಷ್ಟೇ ನಿಪುಣ ಚಾಲಕನಾದರೂ ಮೇಲಿನ ಭಾಗಾಕಾರವನ್ನು ಬದಲಿಸಲಾರ. ಮೂಲ ಕಾರಣ ಹೊರೆ. ಆ ಹೊರೆಯನ್ನು ಹೇರಿಸುತ್ತಿರುವುದು ಚಾಲಕನ ದುರಾಸೆಯೇ? "ಅತಿಯಾಸೆ ಗತಿಗೇಡು" ಎಂಬ ಗಾದೆಯನ್ನು ಉದುರಿಸಿ ಕೈತೊಳೆದುಕೊಳ್ಳುವವರನ್ನು ನಾನು ಒಪ್ಪುವುದಿಲ್ಲ.

ಸಾಗಣೆಯ ಬಾಡಿಗೆ ಟನ್ನಿನ ಲೆಕ್ಕದಲ್ಲಿದೆ. ಆದರೆ ಟ್ರ್ಯಾಕ್ಟರಿನ ಮಾಲೀಕನ ಖರ್ಚು ಖೇಪಿನ ಮತ್ತು ದಿನದ ಲೆಕ್ಕದಲ್ಲಿದೆ. ಚಾಲಕನ ಕೂಲಿ, ಬ್ಯಾಂಕಿನ ಕಂತು, ಗ್ಯಾಂಗಿಗೆ ಕೊಟ್ಟ ಮುಂಗಡದ ಬಡ್ಡಿ ಇವೆಲ್ಲ ಗಾಡಿ ಓಡಲಿ, ನಿಲ್ಲಲಿ, ಬೆಳೆಯುತ್ತಲೇ ಇರುತ್ತವೆ. ಕಾರ್ಖಾನೆಯ ಅಂಗಳದಲ್ಲಿ ಸರದಿ ಬರುವವರೆಗೆ ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ಕಾಯಬೇಕು. ದಿನಕ್ಕೆ ಎರಡು ಖೇಪು ಹೊಡೆಯಬಹುದಾದವನಿಗೆ ಒಂದೇ ಸಿಕ್ಕಿದರೆ ಅವನು ಎರಡು ಖೇಪಿನ ಕಬ್ಬನ್ನು ಒಂದರಲ್ಲೇ ತುಂಬದೆ ಮತ್ತೇನು ಮಾಡಿಯಾನು? ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುತ್ತಿರುತ್ತದೆ. ಹೊಲದ ರೈತನೂ "ಇದ್ದದ್ದನ್ನೆಲ್ಲ ಒಯ್ಯಪ್ಪಾ" ಎಂದು ಅವಸರಿಸುತ್ತಾನೆ.

ಇನ್ನೂ ಒಂದು ಸೂಕ್ಷ್ಮವಿದೆ. ಹೆಚ್ಚು ಹೇರಿದವನಿಗೆ ಲಾಭ ದೊರೆಯುವುದು ಮಿಕ್ಕವರು ಹೇರದಿದ್ದಾಗ ಮಾತ್ರ. ಎಲ್ಲರೂ ಹೇರತೊಡಗಿದರೆ "ಈ ದರಕ್ಕೇ ಗಾಡಿಗಳು ಬರುತ್ತಿವೆಯಲ್ಲ" ಎಂದು ಬಾಡಿಗೆಯ ದರ ಅದೇ ಮಟ್ಟದಲ್ಲಿ ನಿಂತುಬಿಡುತ್ತದೆ. ಜಾತ್ರೆಯಲ್ಲಿ ತೇರು ನೋಡಲು ಮುಂದಿನ ಸಾಲಿನವರು ತುದಿಗಾಲಲ್ಲಿ ನಿಂತರೆ ಹಿಂದಿನವರೆಲ್ಲರೂ ನಿಲ್ಲಲೇಬೇಕು. ಯಾರಿಗೂ ತೇರು ಹೆಚ್ಚು ಕಾಣುವುದಿಲ್ಲ, ಎಲ್ಲರ ಕಾಲೂ ನೋಯುತ್ತದೆ. ಮಿತಿಮೀರಿದ ಹೊರೆಯನ್ನು ಲೆಕ್ಕಕ್ಕೆ ಹಿಡಿದೇ ದರ ನಿಂತಿರುವಾಗ ಮಿತಿಯೊಳಗೆ ಹೇರುವ ಪ್ರಾಮಾಣಿಕನೇ ನಷ್ಟಕ್ಕೆ ಬೀಳುತ್ತಾನೆ. ಹೆಚ್ಚುವರಿ ಕಬ್ಬಿನ ಲಾಭ ಅಗ್ಗದ ಸಾಗಣೆಯ ರೂಪದಲ್ಲಿ ಕಾರ್ಖಾನೆಯ ಕಡೆಗೆ ಹರಿಯುತ್ತದೆ; ಅದರ ವೆಚ್ಚವು ಲೋಹದ ಪುಡಿಯಾಗಿ ಮಾಲೀಕನ ಗೇರ್‌ಬಾಕ್ಸಿನ ತಳದಲ್ಲಿ ಕೂಡುತ್ತದೆ. ಹಂಗಾಮು ಮುಗಿದ ಮೇಲೆ ಕ್ಲಚ್ಚು, ಬೇರಿಂಗು, ಕ್ರೌನ್ ವೀಲುಗಳ ಬಿಲ್ಲು ಬಂದಾಗ ಗಳಿಸಿದ್ದೆಂದು ತಿಳಿದ ಹಣ ಗಳಿಕೆಯೇ ಆಗಿರಲಿಲ್ಲ, ಸ್ವಂತ ಗಾಡಿಯ ಬಂಡವಾಳವನ್ನೇ ಕರಗಿಸಿ ತಿಂದದ್ದು ಎಂಬುದು ತಿಳಿಯುತ್ತದೆ.

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ರಸ್ತೆಯಲ್ಲಿ ಹೋಗುವ ಮರಳಿನ ಲಾರಿಯ ತೂಕ ಎಷ್ಟೆಂದು ಖಚಿತವಾಗಿ ಹೇಳುವುದು ಕಷ್ಟ. ಕಬ್ಬಿನ ಗಾಡಿಯ ತೂಕ ಹಾಗಲ್ಲ. ಪ್ರತಿಯೊಂದು ಗಾಡಿಯೂ ಕಾರ್ಖಾನೆಯ ತೂಕದ ಸೇತುವೆಯ ಮೇಲೆ ಹತ್ತುತ್ತದೆ. ತುಂಬಿದ ತೂಕ, ಖಾಲಿ ತೂಕ ಎರಡೂ ದಾಖಲಾಗುತ್ತವೆ, ಚೀಟಿ ಮುದ್ರಣವಾಗುತ್ತದೆ. ಅಂದರೆ, ಯಾವ ಗಾಡಿ ಯಾವ ದಿನ ಮಿತಿಯನ್ನು ಎಷ್ಟು ಮೀರಿತ್ತು ಎಂಬ ಲಿಖಿತ ಸಾಕ್ಷ್ಯವು ಪ್ರತಿ ಕಾರ್ಖಾನೆಯ ಬಾಗಿಲಿನಲ್ಲಿ ಹಗಲೂ ರಾತ್ರಿಯೂ ತಯಾರಾಗುತ್ತಿದೆ. ಆ ಸಾಕ್ಷ್ಯವನ್ನು ಆಧರಿಸಿಯೇ ಹಣ ಪಾವತಿಯಾಗುತ್ತಿದೆ! ಇಷ್ಟು ಸ್ಪಷ್ಟವಾದ ದಾಖಲೆ ಇರುವ ಉಲ್ಲಂಘನೆಯನ್ನು ಕಾಣದವರಂತೆ ಎಲ್ಲರೂ ನಟಿಸುತ್ತಿದ್ದೇವೆ.

ಕಾನೂನು ಇಲ್ಲವೇ? ಇದೆ. 1988ರ ಮೋಟಾರು ವಾಹನ ಕಾಯ್ದೆಯ 113ನೆಯ ಕಲಮು, ನೋಂದಣಿ ಪತ್ರದಲ್ಲಿ ನಮೂದಿಸಿದ ಒಟ್ಟು ತೂಕವನ್ನು ಮೀರಿದ ವಾಹನವನ್ನಾಗಲಿ ಟ್ರೇಲರನ್ನಾಗಲಿ ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದೆಂದು ಹೇಳುತ್ತದೆ. ಓಡಿಸುವವನನ್ನಷ್ಟೇ ಅಲ್ಲ, ಓಡಿಸಲು ಕಾರಣನಾದವನನ್ನೂ, ಓಡಿಸಗೊಟ್ಟವನನ್ನೂ ಅದು ಹೆಸರಿಸುತ್ತದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಕಾಯ್ದೆಯ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂಪಾಯಿ. ದಂಡ ಕಟ್ಟಿದ ಮಾತ್ರಕ್ಕೆ ಅದೇ ಹೊರೆಯೊಡನೆ ಮುಂದೆ ಹೋಗಲು ಬಿಡಕೂಡದು, ಹೆಚ್ಚುವರಿಯನ್ನು ಇಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿಯೇ ಹೇಳಿದೆ. ಆದರೆ ದಂಡದ ಚೀಟಿ ಬಂದಾಗಲೆಲ್ಲ ಅದು ಬೀಳುವುದು ರಸ್ತೆಯಲ್ಲಿ ಸಿಕ್ಕಿದ ಚಾಲಕನ ಅಥವಾ ಸಾಲಗಾರ ಮಾಲೀಕನ ಕೈಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬುದು ಇದಕ್ಕೇ. "ಕಾರಣನಾದವನು" ಎಂಬ ಪದ ಕಾಯ್ದೆಯ ಪುಟದಲ್ಲಿಯೇ ನಿದ್ರಿಸುತ್ತಿದೆ.

"ಗಾಡಿಗಳು ನಮ್ಮವಲ್ಲ, ಗುತ್ತಿಗೆಯವರದು" ಎಂದು ಕಾರ್ಖಾನೆಯವರು ಹೇಳಬಹುದು. ಗಾಡಿ ಯಾರದಾದರೇನು? ಮಿತಿಮೀರಿದ ಕಬ್ಬನ್ನು ತೂಗಿ, ಇಳಿಸಿಕೊಂಡು, ಟನ್ನಿಗಿಷ್ಟೆಂದು ಹಣ ಕೊಡುವವರು ಅವರೇ. ಹಣ ಕೊಡುವವನ ನಿಯಮವೇ ರಸ್ತೆಯ ನಿಯಮವಾಗುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ರೈತರದು. "ಹೊರೆ ಇಳಿಸಿದರೆ ಸಾಗಣೆಯ ದರ ಏರುತ್ತದೆ, ಅದನ್ನು ನಮ್ಮ ಕಬ್ಬಿನ ಬಿಲ್ಲಿನಲ್ಲಿಯೇ ಕಡಿಯುತ್ತಾರೆ" ಎಂಬ ಅವರ ಭಯ ನಿರಾಧಾರವಲ್ಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇಕಡಾ 10.25ರ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ ದರ ನಿಗದಿ ಮಾಡಿತು. ಕಟಾವು, ಸಾಗಣೆಯ ವೆಚ್ಚವನ್ನು ಅದರೊಳಗಿಂದಲೇ ಕಳೆಯುವ ಪದ್ಧತಿ ನಮ್ಮಲ್ಲಿದೆ. ಆದರೆ ರೈತ ಬಾಂಧವರೇ, ಯೋಚಿಸಿ ನೋಡಿ. ಆ ವೆಚ್ಚವನ್ನು ಇಂದೂ ನೀವೇ ಕೊಡುತ್ತಿದ್ದೀರಿ. ಟ್ರ್ಯಾಕ್ಟರಿನ ಮಾಲೀಕ ಬೇರೆ ಲೋಕದವನಲ್ಲ. ನಿಮ್ಮ ತಮ್ಮ, ನಿಮ್ಮ ಅಳಿಯ, ಎಷ್ಟೋ ಸಲ ನೀವೇ. ಒಡೆದ ರಸ್ತೆ ನಿಮ್ಮೂರದು. ಬ್ರೇಕಿಲ್ಲದ, ಹಿಂದೆ ದೀಪವಿಲ್ಲದ ಟ್ರೇಲರಿಗೆ ಕತ್ತಲಲ್ಲಿ ಬೈಕು ಗುದ್ದಿ ಸಾಯುವ ಹುಡುಗರೂ ನಿಮ್ಮೂರವರೇ. ಬಿಲ್ಲಿನಲ್ಲಿ ಕಾಣದ ಖರ್ಚು ಖರ್ಚಲ್ಲವೆಂದು ತಿಳಿಯುವುದು ಸರಿಯಲ್ಲ. ದರದ ಹೋರಾಟದಲ್ಲಿ ಸಾಗಣೆಯ ಹೊರೆಯ ಪ್ರಶ್ನೆಯನ್ನೂ ಎತ್ತಿರಿ. ಏರಿದ ವೆಚ್ಚವನ್ನು ಯಾರು ಎಷ್ಟು ಹೊರಬೇಕೆಂಬುದನ್ನು ಬಹಿರಂಗವಾಗಿಯೇ ಇತ್ಯರ್ಥ ಮಾಡಿಕೊಳ್ಳಿರಿ.

ನನ್ನ ಬೇಡಿಕೆಗಳು ಮೂರೇ. ತೂಕದ ಸೇತುವೆಯ ಗಣಕಯಂತ್ರದಲ್ಲಿ ಪ್ರತಿ ಗಾಡಿಯ ನೋಂದಾಯಿತ ಮಿತಿಯನ್ನು ನಮೂದಿಸಿ, ಆ ಮಿತಿಯನ್ನು ಮೀರಿದ ಟನ್ನುಗಳಿಗೆ ಸಾಗಣೆಯ ಬಾಡಿಗೆ ಕೊಡುವುದನ್ನು ಒಂದೇ ದಿನದಿಂದ ಎಲ್ಲ ಕಾರ್ಖಾನೆಗಳೂ ನಿಲ್ಲಿಸಬೇಕು. ರೈತನಿಗೆ ಮಾತ್ರ ಅವನ ಕಬ್ಬಿನ ಪೂರ್ಣ ಬೆಲೆ ಸಲ್ಲಬೇಕು. ಅದೇ ದಿನದಿಂದ ಬಾಡಿಗೆಯ ದರವನ್ನು ಮಿತಿಯೊಳಗಿನ ಹೊರೆಗೆ ಕಟ್ಟುವಂತೆ ಪರಿಷ್ಕರಿಸಬೇಕು. ಮೂರನೆಯದಾಗಿ, ಕಟಾವಿಗೆ ಮುಂಚೆಯೇ ಸಮಯ ನಿಗದಿಯಾದ ಚೀಟಿ ಕೊಟ್ಟು ಅಂಗಳದಲ್ಲಿ ಕಾಯಿಸುವುದನ್ನು ತಗ್ಗಿಸಬೇಕು. ಕಾಯುವ ಹೊತ್ತು ಕಡಿಮೆಯಾದರೆ ಖೇಪು ಹೆಚ್ಚುತ್ತದೆ, ಖೇಪು ಹೆಚ್ಚಿದರೆ ಹೆಚ್ಚು ಹೇರುವ ಅಗತ್ಯ ತಾನಾಗಿಯೇ ಕುಗ್ಗುತ್ತದೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ.

ನಮ್ಮ ಹಿರಿಯರು ಚಕ್ಕಡಿ ಹೂಡಿದ ಕಾಲದಲ್ಲಿ ಹೊರೆಯ ಮಿತಿಯನ್ನು ಎತ್ತೇ ಹೇಳಿಕೊಡುತ್ತಿತ್ತು. ಭಾರ ಮೀರಿದರೆ ಅದು ಮಂಡಿಯೂರಿ ಕುಳಿತುಬಿಡುತ್ತಿತ್ತು. ಮೂಕ ಪ್ರಾಣಿಗಳ ಸಂಕಟವನ್ನು ಕಂಡು ಸರ್ಕಾರ 1965ರಲ್ಲಿ ನಿಯಮ ಮಾಡಿ, ಎತ್ತು ಎಳೆಯಬಹುದಾದ ತೂಕವನ್ನು ಗೊತ್ತುಪಡಿಸಿತು; ಉದ್ದನೆಯ ಕಡಿದಾದ ಏರು ಇರುವಲ್ಲಿ ಹೊರೆಯನ್ನು ಅರ್ಧಕ್ಕೆ ಇಳಿಸಬೇಕೆಂದೂ ವಿಧಿಸಿತು. ಏರಿನಲ್ಲಿ ಹೊರೆ ಆರು ಪಟ್ಟಾಗಿ ಬಾಧಿಸುವ ಸತ್ಯವನ್ನು ಆ ನಿಯಮ ಮಾಡಿದವರು ಎತ್ತಿನ ಮೇಲಿನ ಕರುಣೆಯಿಂದ ಅರಿತಿದ್ದರು. ಟ್ರ್ಯಾಕ್ಟರಿಗೆ ಮಂಡಿಯಿಲ್ಲ, ಅದು ಕುಳಿತು ಪ್ರತಿಭಟಿಸದು. ಅದರ ಮೇಲೆ ಕರುಣೆ ತೋರಿರೆಂದು ನಾನು ಕೇಳುತ್ತಲೂ ಇಲ್ಲ. ಅದನ್ನು ಸಾಲ ಮಾಡಿ ಕೊಂಡು, ಹಂಗಾಮಿನ ಕೊನೆಗೆ ಬಿಚ್ಚಿಟ್ಟ ಗೇರ್‌ಬಾಕ್ಸಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿರುವ ಮನುಷ್ಯನ ಮೇಲೆ ತೋರಿರೆಂದು ಕೇಳುತ್ತಿದ್ದೇನೆ.